ಕ್ಲಿಕ್ ಮಾಡಿದ್ದು ಸೆಡ್, ತೆರೆದದ್ದು ಗ್ರೆಪ್: ಕೈಪಿಡಿಯ ಇಂಡೆಕ್ಸ್ ಲಿಂಕ್ ದಾರಿ ತಪ್ಪಿದಾಗ

ಕೈಪಿಡಿಯ ಕೊನೆಯಲ್ಲಿರುವ ಇಂಡೆಕ್ಸ್ ತೆರೆಯುತ್ತೀರಿ. ಪಠ್ಯ ತಿದ್ದುವ ಪ್ರೋಗ್ರಾಂ 'ಸೆಡ್', ಅದರ ಹೆಸರು ಹುಡುಕಿ ಕ್ಲಿಕ್ ಮಾಡುತ್ತೀರಿ. ಪುಟ ತೆರೆಯುತ್ತದೆ. ಮೇಲೆ ದಪ್ಪಕ್ಷರದಲ್ಲಿ 'ಗ್ರೆಪ್' ಅಂತ ಇದೆ, ಪಠ್ಯದಲ್ಲಿ ಪದ ಹುಡುಕುವ ಬೇರೆಯೇ ಪ್ರೋಗ್ರಾಂ. ಕೈ ತಪ್ಪಿ ಬೇರೆಲ್ಲೋ ಒತ್ತಿದೆನೇನೋ ಅಂದುಕೊಂಡು ಹಿಂದೆ ಹೋಗಿ ಮತ್ತೆ ಒತ್ತುತ್ತೀರಿ. ಮತ್ತೆ ಗ್ರೆಪ್.

ನಿಮ್ಮ ಕೈ ಸರಿಯಾಗೇ ಇದೆ. ಆ ಕೈಪಿಡಿಯ ಸೋರ್ಸ್ ಫೈಲಿನಲ್ಲಿ, ಅಂದರೆ ಲೇಖಕರು ಬರೆಯುವ ಮೂಲ ಫೈಲಿನಲ್ಲಿ, ಯಾರೋ ಒಂದೇ ಒಂದು ಪದ ಬದಲಿಸಲು ಮರೆತಿದ್ದಾರೆ. ಆ ಪದ ಎಲ್ಲಿರುತ್ತದೆ, ತಪ್ಪಾದರೂ ಯಾರ ಕಣ್ಣಿಗೂ ಯಾಕೆ ಬೀಳುವುದಿಲ್ಲ, ಹುಡುಕಿ ಸರಿ ಮಾಡೋದು ಹೇಗೆ ಅನ್ನುವುದೇ ಈ ಲೇಖನ.

ಮೊದಲು ಒಂದು ವಿಷಯ ಗೊತ್ತಿರಬೇಕು. ಸಾಫ್ಟ್‌ವೇರ್ ಕೈಪಿಡಿಯ ಇಂಡೆಕ್ಸನ್ನು ಯಾರೂ ಕೂತು ಬರೆಯುವುದಿಲ್ಲ. ಅದು ತಾನಾಗಿ ಹುಟ್ಟುತ್ತದೆ. ಲೇಖಕರು ಬರೆಯುವುದು ಪಠ್ಯದ ನಡುವೆ ಅಲ್ಲಲ್ಲಿ ಇಡುವ ಚಿಕ್ಕ ಗುರುತುಗಳನ್ನು ಮಾತ್ರ: 'ಈ ಪದ ಇಂಡೆಕ್ಸಿಗೆ ಹೋಗಲಿ, ಒತ್ತಿದರೆ ಇಲ್ಲಿಗೆ ಬರಲಿ' ಅಂತ. ಬಿಲ್ಡ್ ಮಾಡುವಾಗ, ಅಂದರೆ ಸೋರ್ಸ್‌ನಿಂದ ಓದುವ ಪುಟಗಳನ್ನು ತಯಾರಿಸುವಾಗ, ಒಂದು ಪ್ರೋಗ್ರಾಂ ನೂರಾರು ಫೈಲುಗಳಿಂದ ಈ ಗುರುತುಗಳನ್ನೆಲ್ಲ ಹೆಕ್ಕಿ, ಅಕಾರಾದಿಯಾಗಿ ಜೋಡಿಸಿ, ಪುಟ ಮಾಡಿ ಕೊಡುತ್ತದೆ. ಹಾಗಾಗಿ ತಯಾರಾದ ಎಚ್‌ಟಿಎಂಎಲ್ ಪುಟದಲ್ಲಿ ಲಿಂಕ್ ತಿದ್ದಿದರೆ ಸುಮ್ನೆ ಕೈ ನೋವು. ಮುಂದಿನ ಬಿಲ್ಡ್‌ನಲ್ಲಿ ನೀವು ತಿದ್ದಿದ್ದು ಅಳಿಸಿಹೋಗಿ ಹಳೇ ತಪ್ಪು ಮತ್ತೆ ಬಂದು ಕೂತಿರುತ್ತದೆ. ತಿದ್ದಬೇಕಾದ ಜಾಗ ಸೋರ್ಸ್.

ಗುರುತು ಇಡುವ ರೀತಿ ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ಥರ. ಕೈಪಿಡಿ ಬರೆಯುವ ಗುರುತು ಭಾಷೆ ಡಾಕ್‌ಬುಕ್ ಇದೆ, 1991ರಲ್ಲಿ ಶುರುವಾದದ್ದು, ಲಿನಕ್ಸ್ ಜಗತ್ತಿನ ಎಷ್ಟೋ ದೊಡ್ಡ ಕೈಪಿಡಿಗಳು ಇವತ್ತಿಗೂ ಅದರಲ್ಲೇ ಇವೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೈಪಿಡಿಯೂ ಅದರಲ್ಲೇ. ಪೈಥಾನ್ ಭಾಷೆಯ ದಾಖಲೆಗಳಿಗಾಗಿ ಗೇಯಾರ್ಗ್ ಬ್ರಾಂಡ್ಲ್ ಬರೆದ, 2008ರಲ್ಲಿ ಹೊರಬಂದ ಸ್ಫಿಂಕ್ಸ್ ಇದೆ. ಗ್ನೂ ಯೋಜನೆಯ ಟೆಕ್ಸಿನ್ಫೋ ಇದೆ, ಲೇಟೆಕ್ ಇದೆ, ಆಸ್ಕಿಡಾಕ್ ಇದೆ. ನಾನು ಡಾಕ್‌ಬುಕ್ ಹಿಡಿದುಕೊಂಡು ಜಾಸ್ತಿ ಹೇಳುತ್ತೇನೆ. ಅದರಲ್ಲಿ ಎಲ್ಲವನ್ನೂ ಬಿಡಿಸಿ ಬರೆಯಬೇಕಾದ್ದರಿಂದ ತಪ್ಪು ಕಣ್ಣಿಗೆ ಕಾಣುವ ಹಾಗೆ ಇರುತ್ತದೆ. ಉಳಿದವುಗಳಲ್ಲೂ ತಪ್ಪಿನ ಜಾತಿ ಅದೇ.

ಒಂದು ಎಂಟ್ರಿಯನ್ನು ಹತ್ತಿರದಿಂದ ನೋಡೋಣ

ಪ್ರತಿ ಪ್ರೋಗ್ರಾಮಿಗೂ ಒಂದೊಂದು ಪುಟ ಇರುವ ಕೈಪಿಡಿ ಅಂದುಕೊಳ್ಳಿ. ಗ್ರೆಪ್ ಪುಟದಲ್ಲಿ ಹೀಗೊಂದು ತುಣುಕು ಇರುತ್ತದೆ. ನಿಜವಾದ ಫೈಲಿನಲ್ಲಿ ಇದೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ, ಇಲ್ಲಿ ಓದಲು ಸಲೀಸಾಗಲಿ ಅಂತ ಕನ್ನಡಕ್ಕೆ ತಂದಿದ್ದೇನೆ.

<ಇಂಡೆಕ್ಸ್‌ಟರ್ಮ್ ಝೋನ್="ಗ್ರೆಪ್-ಪುಟ ಗ್ರೆಪ್-ವಿವರ">
<ಪ್ರೈಮರಿ>ಗ್ರೆಪ್</ಪ್ರೈಮರಿ>
</ಇಂಡೆಕ್ಸ್‌ಟರ್ಮ್>

ಪ್ರೈಮರಿ ಒಳಗಿರುವುದು ಇಂಡೆಕ್ಸಿನಲ್ಲಿ ಕಾಣುವ ಪದ. ಝೋನ್ ಒಳಗಿರುವುದು ವಿಳಾಸ. ಕೈಪಿಡಿಯ ಪ್ರತಿ ಸೆಕ್ಷನ್‌ಗೂ, ಬೇಕಾದರೆ ಪ್ರತಿ ಪ್ಯಾರಾಕ್ಕೂ, ಒಂದು ಐಡಿ ಕೊಡಬಹುದು. ಮನೆ ಬಾಗಿಲಿನ ಹೆಸರುಫಲಕ ಇದ್ದ ಹಾಗೆ. ಝೋನ್ ಆ ಫಲಕದ ಹೆಸರನ್ನು ಹೇಳುತ್ತದೆ. ಜಾಗ ಬಿಟ್ಟು ಒಂದಕ್ಕಿಂತ ಹೆಚ್ಚು ಐಡಿ ಬರೆಯಬಹುದು. ಇಲ್ಲಿ ಎರಡಿವೆ: ಒಂದು ಇಡೀ ಪುಟದ್ದು, ಇನ್ನೊಂದು ಆ ಪುಟದೊಳಗೆ ಪ್ರೋಗ್ರಾಂ ಏನು ಮಾಡುತ್ತದೆ ಅಂತ ಹೇಳುವ ಸಾಲಿನದ್ದು. ಲಿನಕ್ಸ್ ವ್ಯವಸ್ಥೆಯನ್ನು ಮೊದಲಿನಿಂದ ಕಟ್ಟುವುದು ಹೇಗೆ ಅಂತ ಹೇಳುವ ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಯೋಜನೆಯ ಸೋರ್ಸ್ ನೋಡಿದರೆ ಇದೇ ಜೋಡಿ ಐಡಿ ಪದ್ಧತಿ ಪುಟದಿಂದ ಪುಟಕ್ಕೆ ಸಿಗುತ್ತದೆ.

ಈಗ ಸೆಡ್‌ಗೆ ಹೊಸ ಪುಟ ಬೇಕು. ಯಾರೂ ಖಾಲಿ ಫೈಲಿನಿಂದ ಶುರು ಮಾಡುವುದಿಲ್ಲ, ಅಲ್ವಾ? ಗ್ರೆಪ್ ಫೈಲನ್ನೇ ಕಾಪಿ ಮಾಡಿ, ಹೆಸರು ಬದಲಿಸಿ, ಒಳಗಿನ ವಿಷಯ ಬದಲಿಸುತ್ತಾರೆ. ಶೀರ್ಷಿಕೆ ಬದಲಾಯಿತು. ಆವೃತ್ತಿ ಸಂಖ್ಯೆ ಬದಲಾಯಿತು. ಇನ್‌ಸ್ಟಾಲ್ ಮಾಡುವ ಕಮಾಂಡ್ ಬದಲಾಯಿತು. ಕೆಳಗೆ ಬರುವಷ್ಟರಲ್ಲಿ ಗಮನ ಸಡಿಲವಾಗಿರುತ್ತದೆ.

<ಇಂಡೆಕ್ಸ್‌ಟರ್ಮ್ ಝೋನ್="ಗ್ರೆಪ್-ಪುಟ ಸೆಡ್-ವಿವರ">
<ಪ್ರೈಮರಿ>ಸೆಡ್</ಪ್ರೈಮರಿ>
</ಇಂಡೆಕ್ಸ್‌ಟರ್ಮ್>

ನೋಡಿದಿರಾ? ಪದ ಸರಿ. ಎರಡನೇ ಐಡಿ ಸರಿ. ಮೊದಲನೆಯದು ಮಾತ್ರ ಹಳೇ ಮನೆಯಲ್ಲೇ ಉಳಿದಿದೆ. ಬಿಲ್ಡ್ ಆದ ಮೇಲೆ 'ಸೆಡ್' ಎಂಬ ಪದದ ಮುಂದೆ ಎರಡು ಲಿಂಕ್ ಬರುತ್ತವೆ. ಒಂದು ಗ್ರೆಪ್ ಪುಟಕ್ಕೆ, ಇನ್ನೊಂದು ಸೆಡ್ ಪುಟಕ್ಕೆ. ಓದುಗರು ಒತ್ತುವುದು ಮೊದಲನೆಯದನ್ನು.

ಸತ್ತ ಲಿಂಕ್ ಬೇರೆ, ಸುಳ್ಳು ಲಿಂಕ್ ಬೇರೆ

ಇಡೀ ವಿಷಯದ ತಿರುಳು ಇದೇ. ಹಾಳಾದ ಲಿಂಕ್‌ಗಳಲ್ಲಿ ಎರಡು ಜಾತಿ. ಒಂದು ಸತ್ತ ಲಿಂಕ್: ಅದು ಹೇಳುವ ಐಡಿ ಎಲ್ಲೂ ಇಲ್ಲ. ಇನ್ನೊಂದು ಸುಳ್ಳು ಲಿಂಕ್: ಐಡಿ ಇದೆ, ಆದರೆ ಅದು ಬೇರೆಯವರ ಮನೆ.

ಸತ್ತ ಲಿಂಕ್ ಹಿಡಿಯುವುದು ಸುಲಭ. ಡಾಕ್‌ಬುಕ್ಕಿನ ನಿಯಮಾವಳಿಯಲ್ಲಿ ಝೋನ್ ಎಂಬುದು ಐಡಿಗಳ ಪಟ್ಟಿ ಅಂತಲೇ ಬರೆದಿದೆ. ಹಾಗಾಗಿ ಎಕ್ಸ್‌ಎಂಎಲ್‌ಲಿಂಟ್‌ನಂಥ ಸಾಧನಕ್ಕೆ ಕೈಪಿಡಿಯನ್ನು ಕೊಟ್ಟು ವ್ಯಾಲಿಡೇಟ್ ಮಾಡು (ನಿಯಮದಂತೆ ಇದೆಯೇ ನೋಡು) ಅಂದರೆ, ಇಲ್ಲದ ಐಡಿಯ ಹೆಸರು ಹೇಳುವ ಪ್ರತಿ ಸಾಲನ್ನೂ ಎತ್ತಿ ತೋರಿಸುತ್ತದೆ. ಒಂದೇ ಐಡಿ ಎರಡು ಕಡೆ ಇದ್ದರೂ ತಕರಾರು ಮಾಡುತ್ತದೆ. ಇಲ್ಲೊಂದು ಎಚ್ಚರ ಬೇಕು: ಬಿಡಿ ಫೈಲನ್ನು ಪರೀಕ್ಷೆಗೆ ಕೊಡಬೇಡಿ. ಆ ಫೈಲ್ ಹೇಳುವ ಐಡಿ ಬೇರೆ ಫೈಲಿನಲ್ಲಿದ್ದರೆ, ಸರಿಯಾದ ಲಿಂಕನ್ನೂ ಅದು ತಪ್ಪು ಅನ್ನುತ್ತದೆ. ಎಲ್ಲ ಫೈಲುಗಳೂ ಸೇರಿ ಒಂದಾದ ಮೇಲೆ, ಅಂದರೆ ಬಿಡಿ ಫೈಲುಗಳನ್ನು ಒಳಗೆ ಎಳೆದುಕೊಳ್ಳುವ ಎಕ್ಸ್‌ಇನ್‌ಕ್ಲೂಡ್ ಸೂಚನೆಗಳನ್ನು ಬಿಡಿಸಿಕೊಂಡ ಮೇಲೆ, ಪರೀಕ್ಷೆ ನಡೆಯಬೇಕು.

ಸುಳ್ಳು ಲಿಂಕ್ ವಿಷಯದಲ್ಲಿ ಈ ಸಾಧನ ಬಾಯಿ ಬಿಡುವುದಿಲ್ಲ. 'ಗ್ರೆಪ್-ಪುಟ' ಎಂಬ ಐಡಿ ಇದೆಯೇ? ಇದೆ. ಮುಗೀತು, ಅದರ ಕೆಲಸ ಅಷ್ಟೇ. ಸೆಡ್ ಎಂಬ ಪದ ಗ್ರೆಪ್ ಪುಟಕ್ಕೆ ಯಾಕೆ ಹೋಗುತ್ತಿದೆ ಅಂತ ಕೇಳುವ ಬುದ್ಧಿ ಅದಕ್ಕಿಲ್ಲ. ಬಿಲ್ಡ್ ಎಚ್ಚರಿಕೆಯಿಲ್ಲದೆ ಮುಗಿಯುತ್ತದೆ. ಲಿಂಕ್ ಪರೀಕ್ಷಿಸುವ ಪ್ರೋಗ್ರಾಂ ಓಡಿಸಿದರೂ ಪುಟ ತೆರೆದುಕೊಳ್ಳುತ್ತದೆ, ಎಲ್ಲ ಚೆನ್ನಾಗಿದೆ ಅನ್ನುತ್ತದೆ. ಬರೆದವರಂತೂ ತಮ್ಮದೇ ಕೈಪಿಡಿಯ ಇಂಡೆಕ್ಸ್ ತೆರೆಯುವುದು ಕಡಿಮೆ. ಅವರಿಗೆ ಯಾವುದು ಎಲ್ಲಿದೆ ಅಂತ ಬಾಯಿಪಾಠ. ಓದುಗರು ತಪ್ಪು ಪುಟಕ್ಕೆ ಬಂದರೆ ಬೈದುಕೊಂಡು ಸರ್ಚ್ ಮಾಡಿ ಮುಂದೆ ಹೋಗುತ್ತಾರೆ, ದೂರು ಕೊಡುವುದಿಲ್ಲ. ಹೀಗೆ ತಪ್ಪು ವರ್ಷಗಟ್ಟಲೆ ಆರಾಮಾಗಿ ಬದುಕುತ್ತದೆ. ಆ ಪುಟವನ್ನು ಕಾಪಿ ಮಾಡಿ ಇನ್ನೊಂದು ಪುಟ ಹುಟ್ಟಿದರೆ ಸಂಸಾರವೂ ಬೆಳೆಯುತ್ತದೆ.

ಹುಡುಕುವ ದಾರಿ

ಡಾಕ್‌ಬುಕ್ಕಿನ ಎಚ್‌ಟಿಎಂಎಲ್ ಸ್ಟೈಲ್‌ಶೀಟ್‌ಗಳಲ್ಲಿ, ಅಂದರೆ ಸೋರ್ಸನ್ನು ವೆಬ್ ಪುಟವಾಗಿಸುವ ಸೂತ್ರಗಳಲ್ಲಿ, ಒಂದು ಒಳ್ಳೆಯ ಗುಣ ಇದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಇಂಡೆಕ್ಸಿನ ಲಿಂಕ್ ಮೇಲೆ ಪುಟಸಂಖ್ಯೆ ಇರುವುದಿಲ್ಲ. ತಲುಪುವ ಸೆಕ್ಷನ್‌ನ ಶೀರ್ಷಿಕೆಯೇ ಇರುತ್ತದೆ. ಅಂದರೆ ಇಂಡೆಕ್ಸ್ ತನ್ನ ತಪ್ಪನ್ನು ತಾನೇ ಒಪ್ಪಿಕೊಂಡು ಕೂತಿರುತ್ತದೆ. 'ಸೆಡ್' ಎಂಬ ಪದದ ಮುಂದೆ 'ಗ್ರೆಪ್' ಅಂತ ಬರೆದಿರುತ್ತದೆ! ಕ್ಲಿಕ್ ಮಾಡುವುದೇ ಬೇಡ, ಪುಟವನ್ನು ಮೇಲಿನಿಂದ ಕೆಳಗೆ ಓದಿದರೆ ಸಾಕು. ಸಾವಿರ ಎಂಟ್ರಿಯಿರುವ ಇಂಡೆಕ್ಸನ್ನು ಹೀಗೆ ಓದುವುದು ಬೇಜಾರಿನ ಕೆಲಸ, ನಿಜ. ಆದರೆ ಇದರಷ್ಟು ಫಲ ಕೊಡುವ ಬೇರೆ ದಾರಿ ನನಗೆ ಸಿಕ್ಕಿಲ್ಲ. ಪೂರ್ತಿ ಎಚ್ಚರವಿರುವಾಗ ಮಾಡಿ. ಎಸ್ ಅಕ್ಷರಕ್ಕೆ ಬರುವ ಹೊತ್ತಿಗೆ ಕಣ್ಣು ಮಂಜಾಗಿರುತ್ತದೆ, ಹಾಗಾಗಿ ಎರಡನೇ ಸಲ ಓದುವಾಗ ಕೆಳಗಿನಿಂದ ಮೇಲಕ್ಕೆ ಓದಿ.

ಬೇಜಾರು ಕಡಿಮೆ ಮಾಡಲು ಒಂದು ಚಿಕ್ಕ ಸ್ಕ್ರಿಪ್ಟ್ ಬರೆಯಬಹುದು. ಪ್ರತಿ ಎಂಟ್ರಿಯ ಪದ ತಗೊಳ್ಳಿ. ಅದು ತೋರಿಸುವ ಐಡಿಯ ಸೆಕ್ಷನ್‌ಗೆ ಹೋಗಿ. ಆ ಸೆಕ್ಷನ್‌ನ ಪಠ್ಯದಲ್ಲಿ ಈ ಪದ ಒಮ್ಮೆಯಾದರೂ ಇದೆಯೇ ಅಂತ ನೋಡಿ. ಹುಡುಕುವಾಗ ಇಂಡೆಕ್ಸ್ ಗುರುತಿನ ಒಳಗಿರುವ ಪದವನ್ನು ಲೆಕ್ಕಕ್ಕೆ ತಗೋಬೇಡಿ. ಅದನ್ನೂ ಸೇರಿಸಿದರೆ ಪದ ಸಿಕ್ಕಿತು ಅನ್ನುವುದಕ್ಕೆ ಅರ್ಥವೇ ಇರುವುದಿಲ್ಲ. ಪದ ಸಿಗದಿದ್ದರೆ ಅನುಮಾನದ ಪಟ್ಟಿಗೆ ಹಾಕಿ.

ಪಟ್ಟಿಯಲ್ಲಿ ಬಂದದ್ದೆಲ್ಲ ತಪ್ಪಲ್ಲ. ಒಳ್ಳೆಯ ಇಂಡೆಕ್ಸಿನಲ್ಲಿ ಪುಟದಲ್ಲಿಲ್ಲದ ಪದಗಳೂ ಬೇಕಂತಲೇ ಇರುತ್ತವೆ. ಪುಟದಲ್ಲಿ 'ಅಳಿಸು' ಅಂತ ಬರೆದಿದ್ದರೂ ಓದುಗರು 'ಡಿಲೀಟ್' ಅಂತ ಹುಡುಕುತ್ತಾರೆ ಅಂತ ಲೇಖಕರು ಯೋಚಿಸಿರಬಹುದು. ಅಂಥದ್ದನ್ನು ಸ್ಕ್ರಿಪ್ಟ್ ಹೇಳಿತು ಅಂತ ತೆಗೆದುಹಾಕಿದರೆ ಇಂಡೆಕ್ಸಿನ ಜೀವವನ್ನೇ ತೆಗೆದ ಹಾಗೆ. ಮತ್ತೆ, ಪದ ಇದ್ದ ಮಾತ್ರಕ್ಕೆ ಲಿಂಕ್ ಸರಿ ಅಂತಲೂ ಅಲ್ಲ. ಗ್ರೆಪ್ ಪುಟದಲ್ಲಿ 'ಸೆಡ್ ಕೂಡ ನೋಡಿ' ಅಂತ ಒಂದು ಸಾಲಿದ್ದರೆ ನಮ್ಮ ಸುಳ್ಳು ಲಿಂಕ್ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಹಾಗಾಗಿ ಕೊನೆಗೆ ಕಣ್ಣಿನ ಕೆಲಸ ಉಳಿದೇ ಉಳಿಯುತ್ತದೆ.

ಹುಡುಕಾಟದಲ್ಲಿ ಸಿಗುವ ಉಳಿದ ಹುಳುಕುಗಳು

ಇಂಡೆಕ್ಸ್ ಓದುತ್ತಾ ಹೋದರೆ ಬೇರೆ ಥರದ ತಪ್ಪುಗಳೂ ಸಿಗುತ್ತವೆ.

ಒಂದೇ ಪದ ಎರಡು ಸಲ ಬರುವುದು ಅದರಲ್ಲಿ ಮಾಮೂಲು. ಒಂದು ಕಡೆ 'ಫೈಲ್ ಸಿಸ್ಟಮ್', ಇನ್ನೊಂದು ಕಡೆ 'ಫೈಲ್‌ಸಿಸ್ಟಮ್'. ಲೇಟೆಕ್‌ನಲ್ಲಿ ಪದದ ಹಿಂದೆ ಒಂದು ಖಾಲಿ ಜಾಗ ಜಾಸ್ತಿಯಾದರೂ ಅದು ಬೇರೆ ಎಂಟ್ರಿಯಾಗಿಬಿಡುತ್ತದೆ. ಕನ್ನಡದಲ್ಲಿ ಇಂಡೆಕ್ಸ್ ಮಾಡುವವರಿಗೆ ಇನ್ನೊಂದು ತಲೆನೋವಿದೆ. 'ಲಿಂಕ್' ಎಂಬ ಪದದ ಕೊನೆಯಲ್ಲಿ, ಒತ್ತಕ್ಷರ ಆಗದಂತೆ ತಡೆಯುವ ಕಾಣದ ಅಕ್ಷರವೊಂದು ಸೇರಿಕೊಂಡಿರಬಹುದು. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಕಣ್ಣಿಗೆ ಎರಡೂ 'ಲಿಂಕ್' ಒಂದೇ. ಕಂಪ್ಯೂಟರಿಗೆ ಎರಡೂ ಬೇರೆ. ಇಂಡೆಕ್ಸಿನಲ್ಲಿ ಎರಡು 'ಲಿಂಕ್' ಪಕ್ಕಪಕ್ಕದಲ್ಲಿ ಕೂತಿದ್ದು, ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣದಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

'ಇದನ್ನು ನೋಡಿ' ಎಂಬ ಎಂಟ್ರಿಗಳೂ ಮೋಸ ಮಾಡುತ್ತವೆ. 'ಡೈರೆಕ್ಟರಿ: ಫೋಲ್ಡರ್ ನೋಡಿ' ಅಂತ ಇರುತ್ತದೆ. ಫೋಲ್ಡರ್ ಅಂತ ಹುಡುಕಿದರೆ ಅಂಥ ಎಂಟ್ರಿಯೇ ಇಲ್ಲ, ಯಾವತ್ತೋ ಯಾರೋ ಅದರ ಹೆಸರು ಬದಲಿಸಿದ್ದಾರೆ. ಅದಕ್ಕಿಂತ ಮಜಾ ಅಂದರೆ 'ಫೋಲ್ಡರ್: ಡೈರೆಕ್ಟರಿ ನೋಡಿ' ಅಂತ ಅಲ್ಲೂ ಬರೆದಿರುವುದು. ಈ ಸೂಚನೆ ಸಾಮಾನ್ಯವಾಗಿ ಬರೀ ಪಠ್ಯ, ಐಡಿ ಅಲ್ಲ. ಆದ್ದರಿಂದ ವ್ಯಾಲಿಡೇಟರ್ ಇತ್ತ ತಲೆ ಹಾಕುವುದಿಲ್ಲ.

ಇನ್ನು, ಸಾಲು ತಪ್ಪಿ ಕೂರುವ ಎಂಟ್ರಿಗಳು. ಡಾಕ್‌ಬುಕ್ಕಿನಲ್ಲಿ ವಿಂಗಡಣೆಗೆ ಅಂತಲೇ ಸಾರ್ಟ್‌ಆ್ಯಸ್ ಎಂಬ ಗುಣ ಇದೆ. ತೋರಿಸುವ ಪದ ಒಂದು, ವಿಂಗಡಿಸುವ ಕೀ ಇನ್ನೊಂದು. ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಇದನ್ನು ಜಾಣತನದಿಂದ ಬಳಸಿದೆ: ಪ್ಯಾಕೇಜುಗಳ ಕೀಗೆ ಎ, ಪ್ರೋಗ್ರಾಮುಗಳಿಗೆ ಬಿ, ಲೈಬ್ರರಿಗಳಿಗೆ ಸಿ ಅಂತ ಮುಂದೆ ಸೇರಿಸಿ, ಒಂದೇ ಇಂಡೆಕ್ಸನ್ನು ಗುಂಪುಗಳಾಗಿ ಒಡೆಯುತ್ತಾರೆ. ಇಂಥ ಕಡೆ ಪುಟ ಕಾಪಿ ಮಾಡಿ ಕೀ ಬದಲಿಸಲು ಮರೆತರೆ ಲಿಂಕ್ ಸರಿಯಾಗೇ ಇರುತ್ತದೆ, ಆದರೆ ಸೆಡ್ ಹೋಗಿ ಗ್ರೆಪ್ ಪಕ್ಕದಲ್ಲಿ ಕೂತಿರುತ್ತದೆ. ಎಸ್ ಅಕ್ಷರದಲ್ಲಿ ಹುಡುಕಿದವರಿಗೆ ಸೆಡ್ ಇಲ್ಲವೇ ಇಲ್ಲ.

ಗುರುತು ಎಲ್ಲಿ ಇಡಬೇಕು?

ಡಾಕ್‌ಬುಕ್ಕಿನಲ್ಲಿ ಝೋನ್ ಇದ್ದರೆ ಗುರುತು ಎಲ್ಲಿದ್ದರೂ ನಡೆಯುತ್ತದೆ, ವಿಳಾಸ ಅದರೊಳಗೇ ಇದೆ. ಬೇರೆ ವ್ಯವಸ್ಥೆಗಳಲ್ಲಿ ಗುರುತು ಇರುವ ಜಾಗವೇ ವಿಳಾಸ. ಅಲ್ಲಿ ಒಂದು ಸಾಲು ಮೇಲೆ ಕೆಳಗೆ ಆದರೂ ಕಥೆ ಬೇರೆ.

ಸ್ಫಿಂಕ್ಸ್‌ನಲ್ಲಿ ಒಂದು ಸೆಕ್ಷನ್‌ಗೆ ಇಂಡೆಕ್ಸ್ ಗುರುತು ಇಡುವುದಾದರೆ ಶೀರ್ಷಿಕೆಯ ಮೇಲೆ ಇಡಬೇಕು. ಶೀರ್ಷಿಕೆಯ ಕೆಳಗೆ ಇಟ್ಟರೆ ಲಿಂಕ್ ಸರಿಯಾದ ಸೆಕ್ಷನ್‌ಗೇ ಹೋಗುತ್ತದೆ, ಆದರೆ ಶೀರ್ಷಿಕೆ ಪರದೆಯ ಮೇಲಂಚಿನ ಆಚೆ ಹೋಗಿ ಅಡಗುತ್ತದೆ. ಓದುಗರಿಗೆ ತಾವು ಎಲ್ಲಿ ಬಂದು ನಿಂತೆವು ಅಂತ ಗೊತ್ತಾಗುವುದಿಲ್ಲ. ಟೆಕ್ಸಿನ್ಫೋದಲ್ಲಿ ಪೂರ್ತಿ ಉಲ್ಟಾ. ಅಲ್ಲಿ ನೋಡ್ (ಕೈಪಿಡಿಯ ಒಂದು ತುಂಡು) ಮತ್ತು ಸೆಕ್ಷನ್ ಸಾಲುಗಳ ಕೆಳಗೆ, ಪ್ಯಾರಾ ಶುರುವಾಗುವ ಮುಂಚೆ ಇಡಬೇಕು. ನೋಡ್ ಸಾಲಿನ ಮೇಲೆ ಇಟ್ಟರೆ ಆ ಗುರುತು ಹಿಂದಿನ ನೋಡ್‌ಗೆ ಸೇರಿಹೋಗುತ್ತದೆ. ಆಗ ಕ್ಲಿಕ್ ಮಾಡಿದವರು ಹಿಂದಿನ ಅಧ್ಯಾಯದ ಬಾಲದಲ್ಲಿ ಇಳಿಯುತ್ತಾರೆ. ಸ್ಫಿಂಕ್ಸ್ ಬಳಸಿ ಅಭ್ಯಾಸವಾದವರು ಟೆಕ್ಸಿನ್ಫೋ ಮುಟ್ಟಿದರೆ ಮಾಡುವ ಮೊದಲ ತಪ್ಪು ಇದೇ ಅಂತ ನನ್ನ ಅಂದಾಜು, ಯಾಕಂದ್ರೆ ನಾನೂ ಅದನ್ನೇ ಮಾಡಿದೆ.

ಆಸ್ಕಿಡಾಕ್‌ನಲ್ಲಿ ಅಲ್ಪವಿರಾಮ ನೋಡಿಕೊಳ್ಳಿ. ಮೂರು ಆವರಣಗಳ ಒಳಗೆ ಬರೆಯುವ ಎಂಟ್ರಿಯಲ್ಲಿ ಅಲ್ಪವಿರಾಮ ಬಂದರೆ ಅದು ಒಂದು ಹಂತ ಕೆಳಗಿನ ಉಪಪದ ಆಗುತ್ತದೆ. ಪದದ ಒಳಗೇ ಅಲ್ಪವಿರಾಮ ಬೇಕಿದ್ದರೆ ಉದ್ಧರಣ ಚಿಹ್ನೆ ಹಾಕಬೇಕು.

ಲೇಟೆಕ್‌ನಲ್ಲಿ ಪಿಡಿಎಫ್ ಮಾಡಿದಾಗ ಸಿಗುವ ತಪ್ಪು ಸ್ವಲ್ಪ ವಿಚಿತ್ರ. ಒಂದನೇ ಪುಟದ ಎಂಟ್ರಿ ಒತ್ತಿದರೆ ಮುಖಪುಟ ತೆರೆದುಕೊಳ್ಳುತ್ತದೆ. ಸೋರ್ಸ್‌ನಲ್ಲಿ ಇಂಡೆಕ್ಸ್ ಗುರುತುಗಳೆಲ್ಲ ಸರಿಯಾಗೇ ಇರುತ್ತವೆ. ಕಾರಣ ಪುಟಸಂಖ್ಯೆ. ಮುನ್ನುಡಿ, ಪರಿವಿಡಿಗಳ ಪುಟಗಳಿಗೂ ಒಂದರಿಂದ ಎಣಿಕೆ, ಮುಖ್ಯ ಪಠ್ಯಕ್ಕೂ ಒಂದರಿಂದ ಎಣಿಕೆ. ಒಳಗೊಳಗೆ ಎರಡಕ್ಕೂ 'ಪುಟ 1' ಅಂತ ಒಂದೇ ಹೆಸರು ಬೀಳುತ್ತದೆ. ಎರಡನೆಯದನ್ನು ಪಿಡಿಎಫ್ ತಯಾರಿಸುವ ಪ್ರೋಗ್ರಾಂ ಪಿಡಿಎಫ್‌ಟೆಕ್ ಕೈಬಿಡುತ್ತದೆ. ಲಾಗ್ ಫೈಲಿನಲ್ಲಿ 'ಇದೇ ಹೆಸರಿನ ಗುರಿ ಆಗಲೇ ಬಳಕೆಯಾಗಿದೆ' ಎಂಬ ಅರ್ಥದ ಎಚ್ಚರಿಕೆ ಬಂದಿರುತ್ತದೆ, ಅದನ್ನು ಯಾರು ಓದುತ್ತಾರೆ! ಪಿಡಿಎಫ್‌ನಲ್ಲಿ ಲಿಂಕ್ ಹಾಕುವ ಹೈಪರ್‌ರೆಫ್ ಪ್ಯಾಕೇಜಿನಲ್ಲಿ ಪ್ಲೇನ್‌ಪೇಜಸ್ ಆಯ್ಕೆಯನ್ನು ಆಫ್ ಮಾಡಿ, ಪಿಡಿಎಫ್‌ಪೇಜ್‌ಲೇಬಲ್ಸ್ ಆನ್ ಮಾಡಿ, ಮುನ್ನುಡಿಗೆ ರೋಮನ್ ಅಂಕಿ ಕೊಟ್ಟರೆ ಎರಡೂ ಪುಟಗಳ ಹೆಸರು ಬೇರೆಯಾಗುತ್ತದೆ.

ತಿದ್ದುವಾಗ

ಸುಳ್ಳು ಲಿಂಕ್ ತಿದ್ದುವುದು ಒಂದು ಪದದ ಕೆಲಸ. ಝೋನ್ ಒಳಗಿನ 'ಗ್ರೆಪ್-ಪುಟ' ತೆಗೆದು 'ಸೆಡ್-ಪುಟ' ಹಾಕಿ, ಅಷ್ಟೇ. ಆದರೆ ಹಾಕುವ ಮುಂಚೆ ಸೆಡ್ ಫೈಲಿನ ಮೇಲ್ಗಡೆ ಆ ಐಡಿ ನಿಜಕ್ಕೂ ಇದೆಯೇ ಅಂತ ನೋಡಿ. ಕೆಲವು ಸಲ ಅಲ್ಲಿ ಐಡಿಯೇ ಇರುವುದಿಲ್ಲ. ಐಡಿ ಕೊಡದ ಸೆಕ್ಷನ್‌ಗಳಿಗೆ ಸ್ಟೈಲ್‌ಶೀಟ್ ತಾನೇ ಏನೋ ಒಂದು ಸಂಖ್ಯೆ ಹುಟ್ಟಿಸುತ್ತದೆ. ಮುಂದಿನ ಬಿಲ್ಡ್‌ನಲ್ಲಿ ಅದು ಬೇರೆ ಆಗಬಹುದು. ಅಂಥ ಸಂಖ್ಯೆಯನ್ನು ಎಚ್‌ಟಿಎಂಎಲ್‌ನಿಂದ ಕಾಪಿ ಮಾಡಿ ಸೋರ್ಸ್‌ಗೆ ಹಾಕಿದವರನ್ನು ನೋಡಿದ್ದೇನೆ. ಹಾಗೆ ಮಾಡುವ ಬದಲು ಸೆಕ್ಷನ್‌ಗೆ ಒಂದು ಒಳ್ಳೆಯ ಐಡಿ ನೀವೇ ಕೊಡಿ.

ಇರುವ ಐಡಿಯ ಹೆಸರು ಚೆನ್ನಾಗಿಲ್ಲ ಅಂತ ಅದನ್ನೇ ಬದಲಿಸಲು ಹೋಗಬೇಡಿ. ಹೊರಗಿನವರು ಆ ಐಡಿಗೆ ಲಿಂಕ್ ಕೊಟ್ಟಿರುತ್ತಾರೆ. ನಿಮ್ಮ ಇಂಡೆಕ್ಸ್ ಸರಿಹೋಗಿ ಅವರ ಲಿಂಕ್ ಸಾಯುತ್ತದೆ. ಬದಲಿಸಲೇಬೇಕಾದರೆ ಹಳೇ ಹೆಸರಿನ ಒಂದು ಖಾಲಿ ಆ್ಯಂಕರ್ (ಲಿಂಕ್ ಬಂದು ತಲುಪುವ ಗುರುತು) ಅಲ್ಲೇ ಉಳಿಸಿ. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಕಾಗುಣಿತ ತಪ್ಪಿರುವ ಐಡಿಯನ್ನೂ ನಾನು ಹಾಗೇ ಬಿಡುತ್ತೇನೆ, ಅದು ಓದುಗರಿಗೆ ಕಾಣುವ ಪದವಲ್ಲ.

ತಿದ್ದುವ ಮುಂಚೆ ಒಂದು ಸಲ ಬಿಲ್ಡ್ ಮಾಡಿ ಇಂಡೆಕ್ಸ್ ಪುಟದ ಪ್ರತಿ ಎತ್ತಿಟ್ಟುಕೊಳ್ಳಿ. ತಿದ್ದಿದ ಮೇಲೆ ಮತ್ತೆ ಬಿಲ್ಡ್ ಮಾಡಿ ಎರಡನ್ನೂ ಡಿಫ್ ಮಾಡಿ, ಅಂದರೆ ವ್ಯತ್ಯಾಸ ತೋರಿಸುವ ಸಾಧನದಲ್ಲಿ ಹೋಲಿಸಿ. ನೀವು ಮೂರು ಎಂಟ್ರಿ ತಿದ್ದಿದ್ದರೆ ಆ ಮೂರು ಮಾತ್ರ ಬದಲಾಗಿರಬೇಕು. ಈ ಡಿಫ್ ಒಮ್ಮೆ ನನ್ನ ಮಾನ ಉಳಿಸಿದೆ. ಒಂದು ಕೈಪಿಡಿಯಲ್ಲಿ 'ಲಾಗ್' ಎಂಬ ಐಡಿಯನ್ನು ತೋರಿಸುತ್ತಿದ್ದ ಎಂಟ್ರಿಗಳೆಲ್ಲ ಅಸಲಿಗೆ 'ಲಾಗಿಂಗ್' ಎಂಬ ಸೆಕ್ಷನ್‌ಗೆ ಹೋಗಬೇಕಿತ್ತು. ಒಂದೊಂದೇ ತಿದ್ದಲು ಸೋಮಾರಿತನ. ಒಂದೇ ಕಮಾಂಡಿನಲ್ಲಿ ಎಲ್ಲ ಫೈಲುಗಳಲ್ಲೂ ಬದಲಿಸಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ 'ಲಾಗಿನ್' ಎಂಬ ಪದದ ಹೊಟ್ಟೆಯಲ್ಲೂ 'ಲಾಗ್' ಇರುತ್ತದೆ ಅನ್ನುವುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

ವ್ಯಾಲಿಡೇಟರ್ ಏನೂ ಅನ್ನಲಿಲ್ಲ. ಯಾಕಂದ್ರೆ ಐಡಿ ಇರುವ ಕಡೆಯೂ ಅದನ್ನು ತೋರಿಸುವ ಕಡೆಯೂ ಒಂದೇ ಥರ ಕೆಟ್ಟಿದ್ದವು, ಲೆಕ್ಕ ಸರಿಹೋಗಿತ್ತು. ಡಿಫ್ ತೆರೆದರೆ ಬೆರಳೆಣಿಕೆಯ ಸಾಲುಗಳ ಬದಲು ಪರದೆ ತುಂಬಾ ಕೆಂಪು ಹಸಿರು. ಇಂಡೆಕ್ಸಿನ ನಡುವೆ 'ಲಾಗಿಂಗಿನ್' ಎಂಬ ಹೊಸ ಪ್ರೋಗ್ರಾಂ ಹುಟ್ಟಿತ್ತು. ಒತ್ತಿದರೆ ಸರಿಯಾದ ಪುಟಕ್ಕೇ ಹೋಗುತ್ತಿತ್ತು.